ಎಡಗೈ ಬಿಪಿ ಒಂದು, ಬಲಗೈ ಬಿಪಿ ಇನ್ನೊಂದು: ಕೈಯ ರಕ್ತನಾಳ ಕಿರಿದಾದರೆ ಬಲೂನು ಏನು ಮಾಡುತ್ತದೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಮನೆಯಲ್ಲಿ ಅಪ್ಪಂದೋ ಅವ್ವಂದೋ ಬಿಪಿ ಚೆಕ್ ಮಾಡಿಸಿರ್ತೀರಿ. ಪಟ್ಟಿ ಯಾವ ಕೈಗೆ ಕಟ್ಟಿದ್ರು, ನೆನಪೈತೇನ್ರಿ? ಬಹಳಷ್ಟು ಜನರಿಗೆ ನೆನಪಿರೋದಿಲ್ಲ. ಯಾವ ಕೈಯಾದರೇನು, ರಕ್ತ ಒಂದೇ ತಾನೆ ಅಂತ ಅನ್ನಿಸುತ್ತೆ. ಆದರೆ ಕೆಲವರಲ್ಲಿ ಎರಡು ಕೈ ಎರಡು ಬೇರೆ ಲೆಕ್ಕ ಹೇಳ್ತವೆ.

ಒಂದು ಉದಾಹರಣೆ ತಗೊಳ್ಳೋಣ. ಒಬ್ಬರ ಎಡಗೈಯಲ್ಲಿ ಮೇಲಿನ ಬಿಪಿ 118 ಬಂತು. "ನಾರ್ಮಲ್ ಐತಿ" ಅಂತ ಮನೆಗೆ ಬಂದರು. ಅವರದೇ ಬಲಗೈಯಲ್ಲಿ ನೋಡಿದ್ದರೆ 164 ಇರುತ್ತಿತ್ತು. ನಿಜವಾದ ಬಿಪಿ 164. ಎಡಗೈಗೆ ಹೋಗುವ ರಕ್ತನಾಳ ಕಿರಿದಾಗಿರೋದರಿಂದ ಆ ಕೈಗೆ ಒತ್ತಡ ಪೂರ್ತಿ ತಲುಪಲೇ ಇಲ್ಲ. ಹೃದಯ, ಮಿದುಳು, ಕಿಡ್ನಿ ಎಲ್ಲವೂ ದಿನಾ 164ರ ಹೊಡೆತ ತಿನ್ನುತ್ತಿವೆ. ಮಾತ್ರೆ ಮಾತ್ರ ಶುರುವಾಗಿಲ್ಲ. ಹೀಗೆ ವರ್ಷಗಟ್ಟಲೆ ನಡೆದು ಒಂದು ದಿನ ಪಾರ್ಶ್ವವಾಯು ಹೊಡೆದಾಗ, "ಅವರಿಗೆ ಬಿಪಿನೇ ಇರಲಿಲ್ಲಲ್ರಿ" ಅಂತ ಮನೆಯವರು ಅನ್ನುತ್ತಾರೆ.

ಹಾಗಾಗಿ ಇವತ್ತಿನ ಮಾತು ಇದರ ಬಗ್ಗೆ. ಕೈಗೆ ಹೋಗುವ ರಕ್ತನಾಳ ಯಾಕೆ ಕಿರಿದಾಗುತ್ತೆ, ಅದನ್ನು ಬಲೂನಿನಿಂದ ಹೇಗೆ ತೆರೆಯುತ್ತಾರೆ, ಯಾರಿಗೆ ಅದು ಬೇಕು, ಯಾರಿಗೆ ಬೇಡ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಹೋದಾಗ ಸರಿಯಾದ ಪ್ರಶ್ನೆ ಕೇಳೋದಕ್ಕೆ ನಿಮಗೆ ಇದು ಸಹಾಯ ಆಗಲಿ ಅಂತ ಅಷ್ಟೇ.

ರಕ್ತ ಕೈಗೆ ಬರೋ ದಾರಿ

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಮಹಾಧಮನಿ ಅಂತಾರೆ. ಅದು ಮೇಲಕ್ಕೆ ಏರಿ ಕೊಡೆಯ ಹಿಡಿಕೆ ಥರ ಬಾಗುತ್ತೆ. ಆ ಬಾಗಿನಿಂದ ಸಾಮಾನ್ಯವಾಗಿ ಮೂರು ಕವಲು ಹೊರಡುತ್ತವೆ. ಮೊದಲನೆಯದು ಬಲಗೈಗೂ ಬಲಗಡೆಯ ಕುತ್ತಿಗೆಗೂ ಸೇರಿದ್ದು. ಎರಡನೆಯದು ಎಡಗಡೆಯ ಕುತ್ತಿಗೆಗೆ. ಮೂರನೆಯದು ನೇರವಾಗಿ ಎಡಗೈಗೆ. ಕೈಗೆ ಹೋಗುವ ಈ ನಾಳ ಕಾಲರ್‌ಬೋನಿನ ಕೆಳಗೆ ಹಾಯ್ದು ಹೋಗೋದರಿಂದ ಅದಕ್ಕೆ ಸಬ್‌ಕ್ಲೇವಿಯನ್ ಆರ್ಟರಿ ಅಂತ ಹೆಸರು. ಮುಂದೆ ಅದೇ ಕಂಕುಳು ದಾಟಿ, ರಟ್ಟೆಗೆ ಇಳಿದು, ಮೊಣಕೈ ಹತ್ತಿರ ಎರಡಾಗಿ, ಮುಂಗೈಗೆ ಬರುತ್ತೆ. ಹೆಬ್ಬೆರಳಿನ ಬುಡದಲ್ಲಿ ನಾವು ನಾಡಿ ಹಿಡಿದು ನೋಡೋದು ಅದರ ಕೊನೆಯ ಕವಲನ್ನೇ.

ಕಿರಿದಾಗೋದು ಹೆಚ್ಚಾಗಿ ಈ ನಾಳದ ಬುಡದಲ್ಲಿ, ಅದೂ ಬಲಗಡೆಗಿಂತ ಎಡಗಡೆಯಲ್ಲಿ ಸುಮಾರು ಮೂರು-ನಾಲ್ಕು ಪಟ್ಟು ಹೆಚ್ಚು.

ಯಾಕೆ ಕಿರಿದಾಗುತ್ತೆ?

ಐವತ್ತು ದಾಟಿದವರಲ್ಲಿ ಮುಖ್ಯ ಕಾರಣ, ನಾಳದ ಒಳಗೋಡೆಯಲ್ಲಿ ಕೊಬ್ಬು, ಸುಣ್ಣ ಕಟ್ಟಿಕೊಳ್ಳೋದು. ಹಾರ್ಟ್ ಬ್ಲಾಕ್ ಅಂತೀವಲ್ಲ, ಅದೇ ಕಾಯಿಲೆ ಇಲ್ಲಿ ಕೈಯ ನಾಳದಲ್ಲಿ. ಸಕ್ಕರೆ ಕಾಯಿಲೆ, ಹೈ ಬಿಪಿ, ಕೊಲೆಸ್ಟ್ರಾಲ್ ಎಲ್ಲವೂ ಇದಕ್ಕೆ ಕೈ ಜೋಡಿಸುತ್ತವೆ. ಆದರೆ ಕೈಕಾಲಿನ ನಾಳಗಳಿಗೆ ದೊಡ್ಡ ವೈರಿ ಯಾರು ಅಂದರೆ, ತಂಬಾಕು.

ಈ ಮಾತನ್ನು ನಿಪ್ಪಾಣಿ ಕಡೆಯವರ ಮುಂದೆ ಹೇಳೋದು ಅಷ್ಟು ಸುಲಭ ಅಲ್ಲ, ನನಗೆ ಗೊತ್ತು. ಅಲ್ಲಿ ಬೀಡಿ ತಂಬಾಕು ಅಂದರೆ ಹೊಟ್ಟೆಪಾಡು. 1981ರಲ್ಲಿ ತಂಬಾಕಿಗೆ ನ್ಯಾಯವಾದ ದರ ಬೇಕು ಅಂತ ಶರದ್ ಜೋಶಿ ಅವರ ನೇತೃತ್ವದಲ್ಲಿ ರೈತರು ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕುಳಿತರು, ಪೊಲೀಸರ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆ ಬೆಳೆ ಎಷ್ಟು ಮನೆಗಳನ್ನು ಸಾಕಿದೆ ಅನ್ನೋದನ್ನು ಮರೆತು ಮಾತಾಡೋಕೆ ಆಗಲ್ಲ. ಬೆಳೆ ವಿಚಾರ ಬೇರೆ, ರಕ್ತನಾಳದ ವಿಚಾರ ಬೇರೆ. ಸೇದುವವರ ನಾಳಕ್ಕೆ ಬೀಡಿ ಏನು ಮಾಡುತ್ತೆ ಅನ್ನೋದು ಅದನ್ನು ಬೆಳೆದವರಿಗೂ, ಕಟ್ಟಿದವರಿಗೂ ಗೊತ್ತಿರಬೇಕು.

ಚಿಕ್ಕ ವಯಸ್ಸಿನವರಲ್ಲಿ ಬೇರೆ ಮೂರು ಕಾರಣ ನೋಡಬೇಕು.

ಒಂದು, ಬರ್ಜರ್ ಕಾಯಿಲೆ. 1908ರಲ್ಲಿ ಲಿಯೋ ಬರ್ಜರ್ ಅನ್ನೋ ಡಾಕ್ಟರ್ ಇದನ್ನು ವಿವರವಾಗಿ ಬರೆದರು. ಸಾಮಾನ್ಯವಾಗಿ 45 ವರ್ಷದೊಳಗಿನ, ಬೀಡಿ ಅಥವಾ ಸಿಗರೇಟ್ ಸೇದುವ ಗಂಡಸರಿಗೆ ಬರುತ್ತೆ. ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿಹೋಗುತ್ತವೆ. ಬೆರಳು ತಣ್ಣಗಾಗಿ, ನೀಲಿಯಾಗಿ, ತುದಿಯಲ್ಲಿ ಮಾಯದ ಹುಣ್ಣಾಗಿ, ಕೊನೆಗೆ ಬೆರಳು ಕತ್ತರಿಸೋ ತನಕ ಹೋಗಬಹುದು.

ಎರಡು, ತಕಯಾಸು ಕಾಯಿಲೆ. ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ತಕಯಾಸು ಅವರ ವರದಿಯೂ 1908ರಲ್ಲೇ ಪ್ರಕಟವಾಯ್ತು. ಇದು ಹೆಚ್ಚಾಗಿ 40 ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಬರುತ್ತೆ, ಏಷ್ಯಾದಲ್ಲಿ ಹೆಚ್ಚು. ಮಹಾಧಮನಿ ಮತ್ತು ಅದರ ಕವಲುಗಳ ಗೋಡೆಯೇ ಉರಿಯೂತದಿಂದ ದಪ್ಪವಾಗುತ್ತೆ. ಮುಂಗೈಯಲ್ಲಿ ನಾಡಿಯೇ ಸಿಗದಂತಾಗೋದರಿಂದ ಇದಕ್ಕೆ 'ನಾಡಿ ಇಲ್ಲದ ಕಾಯಿಲೆ' ಅಂತಲೂ ಹೆಸರು. ಸಣ್ಣ ಜ್ವರ, ಸುಸ್ತು, ತೂಕ ಇಳಿಯೋದು ಇಷ್ಟರಿಂದಲೇ ಶುರುವಾಗಬಹುದು. "ನರ್ಸ್‌ಗೆ ಬಿಪಿನೇ ಸಿಗಲಿಲ್ಲ, ಮೆಷಿನ್ ಕೆಟ್ಟಿರಬೇಕು" ಅಂತ ಬಿಟ್ಟುಬಿಡೋ ಹುಡುಗಿಯರಲ್ಲಿ ಕೆಲವರಿಗೆ ಇದು ಇರುತ್ತೆ.

ಮೂರು, ಹುಟ್ಟಿನಿಂದಲೇ ಕುತ್ತಿಗೆ ಹತ್ತಿರ ಒಂದು ಹೆಚ್ಚುವರಿ ಪಕ್ಕೆಲುಬು ಇದ್ದು ಅದು ನಾಳವನ್ನು ಒತ್ತೋದು. ಬೌಲಿಂಗ್, ವಾಲಿಬಾಲ್, ಜಿಮ್ ಅಂತ ಕೈ ಮೇಲೆತ್ತಿ ಜೋರು ಕೆಲಸ ಮಾಡುವವರಲ್ಲಿ ಇದು ಎದ್ದು ಕಾಣುತ್ತೆ.

ಏನು ಅನುಭವ ಆಗುತ್ತೆ?

ಅನೇಕರಿಗೆ ಏನೂ ಆಗಲ್ಲ. ಇದು ನಿಧಾನಕ್ಕೆ ಆಗೋ ಕಾಯಿಲೆ. ಅಷ್ಟರಲ್ಲಿ ಅಕ್ಕಪಕ್ಕದ ಸಣ್ಣ ನಾಳಗಳು ದೊಡ್ಡವಾಗಿ ಕೈಗೆ ರಕ್ತ ತಂದು ಕೊಡ್ತವೆ.

ತೊಂದರೆ ಕಾಣೋದು ಕೈಗೆ ಕೆಲಸ ಬಿದ್ದಾಗ. ಕಬ್ಬು ಕಡಿಯುವಾಗ, ಅಥಣಿಯಲ್ಲಿ ಚಪ್ಪಲಿಗೆ ಸುತ್ತಿಗೆ ಬಡಿಯುವಾಗ, ಗೋಡೆಗೆ ಬಣ್ಣ ಹಚ್ಚುವಾಗ, ಬಟ್ಟೆ ಒಣಹಾಕುವಾಗ ಸ್ವಲ್ಪ ಹೊತ್ತಿಗೆ ರಟ್ಟೆ, ಮುಂಗೈ ಸೋತು ನೋಯುತ್ತೆ. ಕೈ ಇಳಿಸಿ ಎರಡು ನಿಮಿಷ ಕುಂತರೆ ಹೋಗುತ್ತೆ. ಮತ್ತೆ ಶುರು ಮಾಡಿದರೆ ಮತ್ತೆ ಅಷ್ಟೇ ಹೊತ್ತಿಗೆ ಬರುತ್ತೆ. ಈ ಲೆಕ್ಕ ನೆನಪಿಡಿ: ದುಡಿದರೆ ನೋವು, ನಿಂತರೆ ಆರಾಮ.

ಇನ್ನೊಂದು ವಿಚಿತ್ರ ಐತ್ರಿ. ಕೈಯ ನಾಳದಿಂದಲೇ ಮಿದುಳಿನ ಹಿಂಭಾಗಕ್ಕೆ ಒಂದು ಕವಲು ಮೇಲಕ್ಕೆ ಹೋಗುತ್ತೆ. ಎಡಗಡೆ ಒಂದು, ಬಲಗಡೆ ಒಂದು, ಎರಡೂ ಮೇಲೆ ತಲೆಬುರುಡೆಯೊಳಗೆ ಕೂಡ್ತವೆ. ಈಗ ಕೃಷ್ಣಾ ನದಿಯಿಂದ ಎರಡು ಹೊಲಕ್ಕೆ ಎರಡು ಪೈಪ್‌ಲೈನ್ ಇದೆ, ಮೇಲೆ ಎರಡನ್ನೂ ಜೋಡಿಸಿದ್ದಾರೆ ಅಂತ ಇಟ್ಕೊಳ್ಳಿ. ಎಡಗಡೆ ಪೈಪಿನ ಬುಡದಲ್ಲಿ ಹೂಳು ಕಟ್ಟಿತು. ಬಲಗಡೆ ಪೈಪಿನಲ್ಲಿ ಮೇಲೆ ಹೋದ ನೀರು ಎಡಗಡೆ ಪೈಪಿನಲ್ಲಿ ಹಿಮ್ಮುಖವಾಗಿ ಇಳಿದು ಬರುತ್ತೆ. ಅದೇ ಥರ ಎಡಗೈ ಕೆಲಸ ಮಾಡುವಾಗ ಮಿದುಳಿಗೆ ಹೋಗಬೇಕಾದ ರಕ್ತವನ್ನು ಕೆಳಗೆ ಎಳ್ಕೊಳ್ಳುತ್ತೆ. ಡಾಕ್ಟರುಗಳು ಇದಕ್ಕೆ 'ಸ್ಟೀಲ್', ಅಂದರೆ ಕಳವು, ಅಂತಲೇ ಹೆಸರಿಟ್ಟಿದ್ದಾರೆ. ಆಗ ತಲೆ ತಿರುಗುತ್ತೆ, ಕಣ್ಣು ಮಂಜಾಗುತ್ತೆ, ಕೆಲವರು ಕುಸಿದು ಬೀಳ್ತಾರೆ.

ಬೈಪಾಸ್ ಆಪರೇಷನ್ ಆದವರ ಮನೆಯವರು ಇದನ್ನು ಗಮನವಿಟ್ಟು ಕೇಳಿ. ಎದೆಯ ಒಳಗಿನ ಒಂದು ನಾಳವನ್ನು ಹೃದಯಕ್ಕೆ ಜೋಡಿಸಿರ್ತಾರೆ. ಬಹುತೇಕ ಬೈಪಾಸ್‌ಗಳಲ್ಲಿ ಆ ನಾಳ ಹೊರಡೋದು ಎಡಗೈಯ ಇದೇ ಸಬ್‌ಕ್ಲೇವಿಯನ್ ಆರ್ಟರಿಯಿಂದ. ಬುಡ ಕಿರಿದಾದರೆ ಹೃದಯದ ರಕ್ತವೂ ಕೈ ಕಡೆ ಹರಿಯಬಹುದು. ಬೈಪಾಸ್ ಆದವರಿಗೆ ಎಡಗೈ ಕೆಲಸ ಮಾಡುವಾಗ ಎದೆ ನೋವು ಬಂದರೆ ತಡ ಮಾಡದೆ ತೋರಿಸಿ.

ಹಾಗಂತ ಕೈ ಜೋಮು ಹಿಡಿದ ಎಲ್ಲರಿಗೂ ನಾಳದ ತೊಂದರೆ ಅಂತಲ್ಲ. ಕುತ್ತಿಗೆಯ ನರ ಒತ್ತಿಕೊಂಡಿರೋದು, ಮುಂಗೈಯ ನರ ಸಿಕ್ಕಿಕೊಂಡಿರೋದು ಇದಕ್ಕಿಂತ ಎಷ್ಟೋ ಸಾಮಾನ್ಯ. ವ್ಯತ್ಯಾಸ ಹೇಳೋದು ನಾಡಿ ಮತ್ತು ಎರಡೂ ಕೈಯ ಬಿಪಿ.

ಬಲೂನು ಯಾರಿಗೆ ಬೇಕು?

ಸ್ಕ್ಯಾನ್‌ನಲ್ಲಿ ಬ್ಲಾಕ್ ಕಂಡ ತಕ್ಷಣ ಬಲೂನು ಹಾಕಿಸಬೇಕು ಅಂತೇನಿಲ್ಲ. ತೊಂದರೆಯೇ ಇಲ್ಲದ ಹೆಚ್ಚಿನವರಿಗೆ ಬೇಕಾಗಿರೋದು ಮಾತ್ರೆ, ತಂಬಾಕು ಬಿಡೋದು, ಮತ್ತು ಹೆಚ್ಚು ಬಿಪಿ ತೋರಿಸುವ ಕೈಯಲ್ಲೇ ಇನ್ನು ಮುಂದೆ ಬಿಪಿ ನೋಡಿಸೋದು. ಬ್ಲಾಕ್ ಕೈಯಲ್ಲಿ ಕಂಡಿದೆ ಅಂದರೆ ಹೃದಯದ, ಕುತ್ತಿಗೆಯ ನಾಳಗಳಲ್ಲೂ ಇರುವ ಸಾಧ್ಯತೆ ಜಾಸ್ತಿ. ಹಾಗಾಗಿ ಕೊಲೆಸ್ಟ್ರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆ ಇವು ಹೃದಯಾಘಾತ, ಪಾರ್ಶ್ವವಾಯು ತಪ್ಪಿಸೋದಕ್ಕೆ.

ಬಲೂನಿನ ಮಾತು ಬರೋದು ಇಂಥವರಿಗೆ: ಕೈ ನೋವಿನಿಂದ ದುಡಿಯೋಕೆ ಆಗದವರು, ಕಳವಿನಿಂದ ತಲೆ ತಿರುಗಿ ಬೀಳುವವರು, ಬೆರಳಿಗೆ ರಕ್ತ ಸಾಲದವರು, ಬೈಪಾಸ್ ಆಗಿ ಎದೆ ನೋವು ಬರುವವರು ಅಥವಾ ಬೈಪಾಸ್ ಆಗಬೇಕಿರುವವರು, ಮತ್ತು ಆ ಕೈಯಲ್ಲೇ ಡಯಾಲಿಸಿಸ್‌ಗೆ ಫಿಸ್ಟುಲಾ ಇರುವವರು.

ಬಲೂನು ಹಾಕೋದು ಹೇಗೆ?

1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಕೊಯ್ಯದೆಯೇ, ಚರ್ಮದ ಮೂಲಕ ಕೊಳವೆ ತೂರಿಸಿ 82 ವರ್ಷದ ಅಜ್ಜಿಯೊಬ್ಬರ ಕಾಲಿನ ನಾಳ ತೆರೆದರು. 1974ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಅದಕ್ಕೆ ಬಲೂನು ಜೋಡಿಸಿದರು, 1977ರಲ್ಲಿ ಅದೇ ಬಲೂನನ್ನು ಹೃದಯದ ನಾಳಕ್ಕೆ ಒಯ್ದರು. 1980ರ ಹೊತ್ತಿಗೆ ಕೈಯ ನಾಳಕ್ಕೂ ಇದು ಬಂತು.

ಮೊದಲು ಡಾಪ್ಲರ್ ಸ್ಕ್ಯಾನ್, ಆಮೇಲೆ ಸಿಟಿ ಆಂಜಿಯೋಗ್ರಾಂ ಮಾಡಿ ಬ್ಲಾಕ್ ಎಲ್ಲಿದೆ, ಎಷ್ಟಿದೆ ಅಂತ ನೋಡ್ತಾರೆ. ಕ್ಯಾತ್‌ಲ್ಯಾಬ್‌ನಲ್ಲಿ ರೋಗಿಗೆ ಎಚ್ಚರ ಇರುತ್ತೆ, ಚುಚ್ಚುವ ಜಾಗ ಮಾತ್ರ ಮರಗಟ್ಟಿಸ್ತಾರೆ. ತೊಡೆ ಸಂದಿಯ ನಾಳದಿಂದ ಅಥವಾ ಕೈಯ ನಾಳದಿಂದ ಸುಮಾರು 2 ಮಿಲಿಮೀಟರ್ ಅಗಲದ ಕೊಳವೆ ಒಳಗೆ ಹೋಗುತ್ತೆ. ಎಕ್ಸ್‌ರೇ ಪರದೆ ನೋಡ್ತಾ ಒಂದು ತೆಳು ತಂತಿಯನ್ನು ಬ್ಲಾಕ್ ದಾಟಿಸ್ತಾರೆ. ಕಷ್ಟದ ಹಂತ ಇದೇ. ನಾಳ ಪೂರ್ತಿ ಮುಚ್ಚಿದ್ದರೆ ಕೆಲವು ಸಲ ತಂತಿ ದಾಟೋದೇ ಇಲ್ಲ.

ತಂತಿ ದಾಟಿದ ಮೇಲೆ ಅದರ ಮೇಲೆ ಮಡಚಿದ ಬಲೂನು ಜಾರಿಸ್ತಾರೆ. ಬ್ಲಾಕ್ ಇರೋ ಜಾಗದಲ್ಲಿ ಅದನ್ನು ಉಬ್ಬಿಸ್ತಾರೆ, ಗಾಳಿಯಿಂದ ಅಲ್ಲ, ಬಣ್ಣದ ಔಷಧಿ ಕಲಸಿದ ದ್ರವದಿಂದ. ಉಬ್ಬಿದಾಗ ಅದರ ಅಗಲ ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್. ಪೈಪಿನ ಹೂಳು ತೊಳೆದಂಗ ಬ್ಲಾಕ್ ಹೊರಗೆ ಬರುತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಹಾಗಲ್ಲ. ಕಟ್ಟಿದ ಕೊಬ್ಬು ಗೋಡೆಗೆ ಒತ್ತಿ, ಸೀಳಿ, ನಾಳ ಹಿಗ್ಗುತ್ತೆ, ಅಷ್ಟೇ. ಮತ್ತೆ ಕುಗ್ಗದಂತೆ ಹೆಚ್ಚಿನವರಿಗೆ ಅಲ್ಲೇ ಒಂದು ಸ್ಟೆಂಟ್, ಅಂದರೆ ಲೋಹದ ಜಾಲರಿ ಕೊಳವೆ, ಕೂರಿಸ್ತಾರೆ. ತೊಡಕಿಲ್ಲದಿದ್ದರೆ ಗಂಟೆಯೊಳಗೆ ಅಥವಾ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಗಿಯುತ್ತೆ, ಒಂದೆರಡು ದಿನದಲ್ಲಿ ಮನೆಗೆ.

ಕಿರಿದಾದ ನಾಳ ತೆರೆಯೋದರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಯಶಸ್ಸು ಸಿಗುತ್ತೆ. ಪೂರ್ತಿ ಮುಚ್ಚಿದ ನಾಳದಲ್ಲಿ ಅಷ್ಟಿಲ್ಲ. ಅಪಾಯಗಳೂ ಇವೆ. ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬಹುದು, ನಾಳದ ಗೋಡೆ ಸೀಳಬಹುದು, ಚೂರು ಸಿಡಿದು ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಈ ಕೊನೆಯದು ಅಪರೂಪ, ಆದರೆ ಸಹಿ ಹಾಕೋ ಮೊದಲು ಕೇಳಲೇಬೇಕು. ಬಣ್ಣದ ಔಷಧಿ ಕಿಡ್ನಿಗೆ ಭಾರ. ಕಿಡ್ನಿ ತೊಂದರೆ ಇದ್ದರೆ, ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ತಾ ಇದ್ದರೆ ಮೊದಲೇ ಹೇಳಿ.

ಬಲೂನಿಗೆ ಆಗದ ಕೆಲಸ

ಬರ್ಜರ್ ಕಾಯಿಲೆಯಲ್ಲಿ ಮುಚ್ಚೋದು ಬೆರಳಿನ, ಅಂಗೈಯ ಸಣ್ಣ ನಾಳಗಳು. ಅಲ್ಲಿ ಬಲೂನಿನ ಉಪಯೋಗ ಬಹಳ ಕಡಿಮೆ. ಅದಕ್ಕೆ ಮುಖ್ಯ ಔಷಧಿ ಒಂದೇ, ತಂಬಾಕನ್ನು ಪೂರ್ತಿ ಬಿಡೋದು. ದಿನಕ್ಕೆ ಎರಡೇ ಬೀಡಿ ಅಂದರೂ ಕಾಯಿಲೆ ಮುಂದುವರಿಯುತ್ತೆ. ಪೂರ್ತಿ ಬಿಟ್ಟವರಲ್ಲಿ ಬೆರಳು ಕತ್ತರಿಸೋ ಪ್ರಸಂಗ ಅಪರೂಪ. ಸೇದೋದು ಬಿಟ್ಟು ಗುಟ್ಕಾ, ಜರ್ದಾ ಹಿಡಿದರೆ ಬಿಟ್ಟಂಗ ಅಲ್ಲ.

ತಕಯಾಸುವಿನಲ್ಲಿ ಬಲೂನಿಗೆ ಜಾಗ ಇದೆ, ಆದರೆ ಉರಿಯೂತ ತಣ್ಣಗಾದ ಮೇಲೆ. ಮೊದಲು ಸ್ಟಿರಾಯ್ಡ್ ಮತ್ತು ಬೇರೆ ಔಷಧಿ. ಕಾಯಿಲೆ ಜೋರಿರುವಾಗಲೇ ಬಲೂನು ಹಾಕಿದರೆ ನಾಳ ಮತ್ತೆ ಕಿರಿದಾಗುವ ಸಾಧ್ಯತೆ ಹೆಚ್ಚು. ಎಲುಬು ಒತ್ತುತ್ತಿದ್ದರೆ ಮೊದಲು ಆಪರೇಷನ್ ಮಾಡಿ ಆ ಒತ್ತಡ ತೆಗೀಬೇಕು. ಎಲುಬಿನ ನಡುವೆ ಸ್ಟೆಂಟ್ ಹಾಕಿದರೆ ಅದೇ ಮುರಿಯಬಹುದು.

ಕೊಬ್ಬಿನ ಬ್ಲಾಕ್‌ಗೆ ಸ್ಟೆಂಟ್ ಹಾಕಿಸಿಕೊಂಡವರಿಗೂ ಕೆಲವರಿಗೆ ಕೆಲವು ವರ್ಷಗಳಲ್ಲಿ ಮತ್ತೆ ಕಿರಿದಾಗುತ್ತೆ. "ಬಲೂನ್ ಹಾಕಿಸೀವಿ, ಇನ್ನೇನು" ಅಂತ ಆಸ್ಪತ್ರೆ ಗೇಟಿನಲ್ಲೇ ಬೀಡಿ ಹಚ್ಚಿದರೆ ಖರ್ಚು ಮಾಡಿದ ದುಡ್ಡೂ, ತೆರೆದ ನಾಳವೂ ಎರಡೂ ಹೋಗ್ತವೆ. ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸೋದೂ ಅಷ್ಟೇ ಅಪಾಯ.

ನಮ್ಮ ಕಡೆಯಿಂದ ಎಲ್ಲಿಗೆ ಹೋಗೋದು?

ಮೊದಲ ಹೆಜ್ಜೆಗೆ ದೂರ ಹೋಗಬೇಕಾಗಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಯಲ್ಲೇ ಎರಡೂ ಕೈಯ ಬಿಪಿ, ನಾಡಿ ನೋಡಬಹುದು. ಬಲೂನಿಗೆ ಕ್ಯಾತ್‌ಲ್ಯಾಬ್ ಇರೋ ದೊಡ್ಡ ಆಸ್ಪತ್ರೆ ಬೇಕು. ಚಿಕ್ಕೋಡಿ, ರಾಯಬಾಗದವರು ಬೆಳಗಾವಿ ಕಡೆ ನೋಡ್ತಾರೆ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಕಾಗವಾಡ, ಅಥಣಿಯವರಿಗೆ ಮಿರಜ, ಸಾಂಗ್ಲಿ. ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಕಾಲದಿಂದಲೂ ಗಡಿ ದಾಟಿ ಚಿಕಿತ್ಸೆಗೆ ಹೋಗೋದು ಈ ಭಾಗಕ್ಕೆ ರೂಢಿ.

ಗಡಿ ದಾಟಿದಾಗ ಕಾರ್ಡಿನ ವಿಚಾರ ಬರುತ್ತೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಆದರೆ ನೀವು ಹೋಗೋ ಆಸ್ಪತ್ರೆ ಪಟ್ಟಿಯಲ್ಲಿದೆಯಾ, ಈ ಚಿಕಿತ್ಸೆ ಅದರಲ್ಲಿ ಬರುತ್ತಾ, ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ, ಮಹಾರಾಷ್ಟ್ರದ ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತಾ, ಇವನ್ನೆಲ್ಲ ಗಾಡಿ ಹತ್ತೋ ಮೊದಲೇ ಕೇಳಿ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಉತ್ತರ ಸಿಗುತ್ತೆ.

ಡಾಕ್ಟರ್‌ಗೆ ಕೇಳಬೇಕಾದ ನಾಲ್ಕು ಪ್ರಶ್ನೆ ಫೋನಿನಲ್ಲಿ ಬರ್ಕೊಳ್ಳಿ. ನನ್ನ ತೊಂದರೆಗೆ ಈ ಬ್ಲಾಕೇ ಕಾರಣವಾ? ಬರೀ ಮಾತ್ರೆಯಲ್ಲಿ ನಡೆಯುತ್ತಾ? ನಾಳ ಕಿರಿದಾಗಿದೆಯಾ, ಪೂರ್ತಿ ಮುಚ್ಚಿದೆಯಾ? ಆಮೇಲೆ ಯಾವ ಮಾತ್ರೆ ಎಷ್ಟು ದಿನ?

ಇದಕ್ಕೆ ಕಾಯಬೇಡಿ

ಕೈ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ನಾಡಿ ಸಿಗದೆ, ತಡೆಯಲಾರದ ನೋವು ಬಂದರೆ ಅದು ತುರ್ತು. ಹೆಪ್ಪುಗಟ್ಟಿದ ರಕ್ತ ಬಂದು ನಾಳ ಮುಚ್ಚಿರಬಹುದು. ಕೈ ಉಳಿಸೋದಕ್ಕೆ ಸಿಗೋ ಸಮಯ ಸುಮಾರು ಆರು ಗಂಟೆ. ಎಣ್ಣೆ ತಿಕ್ಕೋದು, ಬಿಸಿ ಕಾಯಿಸೋದು ಬೇಡ. ಕೈ ಸೋತು ಬಾಯಿ ವಾರೆಯಾದರೆ, ಮಾತು ತೊದಲಿದರೆ ಪಾರ್ಶ್ವವಾಯು. ಎದೆ ನೋವಿನ ಜೊತೆ ಎಡಗೈ ನೋವು, ಬೆವರು ಬಂದರೆ ಹೃದಯಾಘಾತ ಇರಬಹುದು. ಮೂರಕ್ಕೂ 108ಕ್ಕೆ ಫೋನ್ ಮಾಡಿ.

ಈ ವಾರ ಮನೆಯಲ್ಲಿ ಮಾಡೋ ಕೆಲಸ

ಅಪ್ಪ, ಅವ್ವ, ಅಜ್ಜ, ಆಯಿ ಯಾರಿಗೆ ಬಿಪಿ, ಸಕ್ಕರೆ, ಬೀಡಿ ಚಟ ಇದೆಯೋ ಅವರನ್ನು ಕೂರಿಸಿ. ಅರ್ಧ ಗಂಟೆ ಚಹಾ ಬೇಡ, ತಂಬಾಕು ಬೇಡ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂರಲಿ. ಕೈ ಎದೆಯ ಮಟ್ಟಕ್ಕೆ ಟೇಬಲ್ ಮೇಲಿರಲಿ, ಪಟ್ಟಿ ಅಂಗಿ ಮೇಲೆ ಬೇಡ. ಒಂದೇ ಮೆಷಿನ್‌ನಿಂದ ಬಲಗೈ, ಎಡಗೈ ಎರಡೂ ನೋಡಿ, ಬರೆದಿಡಿ. ಡಯಾಲಿಸಿಸ್ ಫಿಸ್ಟುಲಾ ಇರೋ ಕೈಗೆ ಮಾತ್ರ ಪಟ್ಟಿ ಕಟ್ಟಬೇಡಿ.

ಮೇಲಿನ ಅಂಕಿಯಲ್ಲಿ ನಾಲ್ಕೈದು ವ್ಯತ್ಯಾಸ ಬಂದರೆ ಚಿಂತೆ ಇಲ್ಲ. 10 ದಾಟಿದರೆ ಇನ್ನೊಂದು ದಿನ ಮತ್ತೆ ನೋಡಿ. ಮತ್ತೆ ಮತ್ತೆ 15 ಅಥವಾ ಹೆಚ್ಚು ವ್ಯತ್ಯಾಸ ಬಂದರೆ ಆ ಚೀಟಿ ತಗೊಂಡು ಡಾಕ್ಟರ್ ಹತ್ತಿರ ಹೋಗಿ, ಮತ್ತು ಇನ್ನು ಮುಂದೆ ಹೆಚ್ಚು ತೋರಿಸಿದ ಕೈಯಲ್ಲೇ ನೋಡಿಸಿ. ಬಲೂನು ಬೇಕಾಗೋದು ಕೆಲವರಿಗೆ ಮಾತ್ರ. ಎರಡೂ ಕೈ ನೋಡೋದು ಎಲ್ಲರಿಗೂ ಬೇಕು, ಅದಕ್ಕೆ ದುಡ್ಡೂ ಖರ್ಚಾಗಲ್ಲ.

ಈ ಸಂಚಿಕೆಯನ್ನು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ.